ತಮ್ಮಯ್ಯನ ಲಾರಿ ಮಡಿಯುಟ್ಟದ್ದು

ಅಜ್ಜಂಪುರದಲ್ಲಿ ಮೊದಲು ಲಾರಿ ಕೊಂಡವನು ತಮ್ಮಯ್ಯ. ಕೊಂಡದ್ದು ಹೊಸದೇನಲ್ಲ. ಹೆಬ್ಬೆ ಕಡೆಯ ಕಾಫಿ ತೋಟದ ದೊರೆಯೊಬ್ಬ ಅದನ್ನು ದುಡಿಸಿ, ಬೈದು, ಬೇಸತ್ತು, ಕೊನೆಗೆ ಮಳೆಗೆ ಬಿಟ್ಟಿದ್ದ. ತಮ್ಮಯ್ಯ ಎತ್ತು ಕೊಳ್ಳುವ ಹಾಗೆಯೇ ಅದನ್ನೂ ಕೊಂಡ. ಸುತ್ತು ಹಾಕಿದ, ಬೆನ್ನು ತಟ್ಟಿದ, ಬಾನೆಟ್ ಎತ್ತಿಸಿ ಬಾಯೊಳಗೆ ಇಣುಕಿದ, "ಸುಳಿ ಚೆನ್ನಾಗೈತೆ" ಎಂದ. ಲಾರಿಗೆ ಸುಳಿ ಎಲ್ಲಿರುತ್ತದೆ ಎಂದು ಕೇಳುವುದಕ್ಕೆ ದೊರೆಗೆ ಕನ್ನಡ ಬರುತ್ತಿರಲಿಲ್ಲ.

ಲಾರಿ ಮನೆ ಮುಂದೆ ಬಂದು ನಿಂತ ಮೇಲೆ ತಮ್ಮಯ್ಯ ಯಂತ್ರಶಾಸ್ತ್ರಜ್ಞನಾದ. ಯಾರು ಯಾವ ತಿರುಪಿಗೆ ಬೆರಳಿಟ್ಟರೂ ಉತ್ತರ ಸಿದ್ಧವಾಗಿರುತ್ತಿತ್ತು. ಒಮ್ಮೊಮ್ಮೆ ಒಂದೇ ತಿರುಪಿಗೆ ಬೆಳಿಗ್ಗೆ ಒಂದು ಉತ್ತರ, ಸಂಜೆ ಇನ್ನೊಂದು. ಡ್ರೈವರ್ ಸಣ್ಣಬೀರಪ್ಪ ಹಿಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಲಾರಿ ಏರು ಹತ್ತುವಾಗ ಈಗಲೂ ಅವನು ನಾಲಗೆಯಲ್ಲಿ ಲೊಚ ಲೊಚ ಎನ್ನುತ್ತಿದ್ದ. ಆ ಮೂವರಲ್ಲಿ ಯಂತ್ರದ ವಿಷಯ ಅಷ್ಟೋ ಇಷ್ಟೋ ತಿಳಿದಿದ್ದದ್ದು ಲಾರಿಗೇ ಎಂದು ಹೇಳಬೇಕು.

ಇಂಥ ಲಾರಿಯ ಮೇಲೆ ತಮ್ಮಯ್ಯನ ಇಡೀ ಭವಿಷ್ಯ ಏರಿ ಕೂರುವ ದಿನ ಬಂತು. ಅವನ ಅತ್ತೆ ಕಾಶಮ್ಮನವರಿಗೆ ಕಡೂರಿನಲ್ಲಿ ಒಂದು ತೆಂಗಿನ ತೋಟವಿತ್ತು. ಗಂಡುಮಕ್ಕಳಿಲ್ಲ. ಹಿರಿಯ ಮಗಳು ಕಾಂತಮ್ಮ ತಮ್ಮಯ್ಯನ ಹೆಂಡತಿ. ಕಿರಿಯಳನ್ನು ಕಡೂರಿನಲ್ಲೇ ಷಣ್ಮುಖಪ್ಪ ಎಂಬವನಿಗೆ ಕೊಟ್ಟಿತ್ತು. ತೋಟವನ್ನು ಒಡೆಯುವುದಿಲ್ಲ, ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೇ ಬರೆದುಕೊಡುತ್ತೇನೆ ಎಂದು ಕಾಶಮ್ಮನವರು ಸಾರಿಬಿಟ್ಟಿದ್ದರು. ಯಾರಿಗೆ ಎಂದು ಮಾತ್ರ ಸಾರಿರಲಿಲ್ಲ. ಆದ್ದರಿಂದ ಅಳಿಯಂದಿರಿಬ್ಬರೂ ವರ್ಷಗಟ್ಟಲೆ ಸೊಂಟ ಬಗ್ಗಿಸಿಕೊಂಡೇ ಓಡಾಡುತ್ತಿದ್ದರು. ತಮ್ಮಯ್ಯನದು ಬರೀ ಬೆದ್ದಲು. ಮಳೆ ಬಂದರೆ ರಾಗಿ, ಬಾರದಿದ್ದರೆ ಮಾತು. ತೋಟ ಅವನಿಗೆ ಬೇಕೇ ಬೇಕಾಗಿತ್ತು.

ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದು ಹೊರಟ ಕಾಶಮ್ಮನವರು ಹಿಂದಿನ ಸಂಜೆ ಅಳಿಯನನ್ನು ಕರೆದರು.

"ತಮ್ಮಯ್ಯ, ನಿನ್ನ ಹೆಸರಿಗೇ ಬರೀಬೇಕು ಅಂತ ಮನಸು ಮಾಡಿದೀನಿ. ನಾಳಿದ್ದಿಂದ ಶೂನ್ಯಮಾಸ, ಏನಿದ್ರೂ ನಾಳೇನೇ ಆಗ್ಬೇಕು. ತರೀಕೆರೇಲಿ ನಮ್ಮಣ್ಣನ್ನ ಸಾಕ್ಷಿಗೆ ಹತ್ತಿಸ್ಕಂಡು ಕಡೂರು ರಿಜಿಸ್ಟ್ರಿ ಕಚೇರಿ ಮುಟ್ಟಿಸ್ಬಿಡು. ರೈಲು ನಂಗೆ ಬ್ಯಾಡ. ಯಾರ್ಯಾರೋ ಕುಂತೆದ್ದ ಬೆಂಚದು. ಮಡಿ ಕೆಡಬಾರ್ದು, ಅಷ್ಟೇಯ."

"ಮಡಿಗೆ ಈ ಲಾರಿ ದೇವ್ರಮನೆ ಇದ್ದಂಗೆ ಅತ್ತೆ" ಎಂದ ತಮ್ಮಯ್ಯ.

ದೇವರಮನೆಯನ್ನು ನೋಡಲು ಕಾಶಮ್ಮನವರು ಅಂಗಳಕ್ಕೆ ಇಳಿದರು. ಸಣ್ಣಬೀರಪ್ಪ ಬಾನೆಟ್ ಎತ್ತಿ ಒರೆಸುತ್ತಿದ್ದ. ಎಂಜಿನ್ನಿನ ಪಕ್ಕದಲ್ಲಿ ಹೊಗೆ ಹೋಗುವ ಕೊಳವೆ. ಅದರ ಮಗ್ಗುಲಿಂದ ತೋಳಿನ ದಪ್ಪದ ಇನ್ನೊಂದು ತಗಡಿನ ಕೊಳವೆ ಹೊರಟು, ಬಾಗಿ, ಎಂಜಿನ್ ಗಾಳಿ ಎಳೆಯುವ ಕಾರ್ಬ್ಯುರೇಟರ್ ಎಂಬ ಭಾಗದ ಬಾಯಿಗೆ ಸೇರಿತ್ತು.

"ಇದೇನೋ ಇದು? ಹೊಗೆ ಹೋಗೋ ಕಡೆಯಿಂದ ಹೊಂಟು ಇತ್ಲಾಗೆ ಬಂದೈತಲ್ಲ?"

ಸತ್ಯ ಏನೆಂದರೆ, ಚಳಿ ಇಬ್ಬನಿಯ ದಿನ ಪೆಟ್ರೋಲು ಗಾಳಿಯೊಡನೆ ಬೆರೆಯುವಾಗ ಕಾರ್ಬ್ಯುರೇಟರಿನ ಗಂಟಲು ತಣ್ಣಗಾಗಿ ಒಳಗೆ ಮಂಜು ಗಡ್ಡೆ ಕಟ್ಟುತ್ತದೆ. ಗಂಟಲು ಕಟ್ಟಿದರೆ ಎಂಜಿನ್ ನಿಲ್ಲುತ್ತದೆ. ಹಾಗಾಗದಿರಲಿ ಎಂದು, ಬಿಸಿ ಹೊಗೆಕೊಳವೆಯ ಮೈಸವರಿ ಬೆಚ್ಚಗಾದ ಹೊರಗಿನ ಗಾಳಿಯನ್ನು ಹಿಡಿದು ಅದರ ಬಾಯಿಗೆ ಕೊಡುವುದು ಆ ಕೊಳವೆಯ ಕೆಲಸ. ಇದನ್ನು ನಾನು ಈಗ ಹೇಳುತ್ತಿದ್ದೇನೆ. ಆಗ ಅಜ್ಜಂಪುರದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ತಮ್ಮಯ್ಯನಿಗಂತೂ ಖಂಡಿತ ಗೊತ್ತಿರಲಿಲ್ಲ. ಆದರೆ ಅತ್ತೆಗೆ ಒಂದು ಸೌದೆ ಚೂರು ಹೆಚ್ಚು ಉರಿದರೂ ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವರನ್ನು ಮೆಚ್ಚಿಸುವಂಥ ಉತ್ತರವನ್ನು ಅವನು ಅಲ್ಲೇ ಹುಟ್ಟಿಸಿದ.

"ಅದಾ ಅತ್ತೆ? ಅದೇ ಈ ಲಾರಿ ಗುಟ್ಟು! ಎಂಜಿನ್ನು ಬಿಟ್ಟ ಉಸಿರು ದಂಡ ಆಗ್ಬಾರ್ದು ಅಂತ ಅದನ್ನೇ ಹಿಡ್ಕಂಡು ಮತ್ತೆ ಅದರ ಬಾಯಿಗೇ ಬಿಡ್ತಾರೆ. ಬಿಟ್ಟಿದ್ದನ್ನೇ ಕುಡಿತದೆ, ಕುಡಿದಿದ್ದನ್ನೇ ಬಿಡ್ತದೆ. ಒಂದು ತೊಟ್ಟು ಪೋಲಿಲ್ಲ!"

ಕಾಶಮ್ಮನವರು ಒಂದು ಹೆಜ್ಜೆ ಹಿಂದೆ ಸರಿದು ಸೆರಗನ್ನು ಮೈಗೆ ಒತ್ತಿಕೊಂಡರು.

"ಅಂದ್ರೆ ತನ್ನ ಎಂಜಲು ತಾನೇ ತಿಂತದೆ ಅನ್ನು."

"ಎಂಜಲು ಅಂತಲ್ಲ ಅತ್ತೆ..."

"ಬಾಯಿಂದ ಬಿಟ್ಟಿದ್ದನ್ನ ಮತ್ತೆ ಬಾಯಿಗಿಟ್ರೆ ಎಂಜಲಲ್ದೆ ಇನ್ನೇನೋ? ನನ್ನ ಮೊಮ್ಮಗು ಕಚ್ಚಿದ ಬೆಲ್ಲಾನೂ ಮುಟ್ಟಿದೋಳಲ್ಲ ನಾನು. ಎಂಜಲು ತಿನ್ನೋ ಗಾಡೀಲಿ ಕೂತ್ಕಂಡು ತೋಟ ಬರ್ಕೊಡೋಕೆ ಹೋಗ್ಲಾ? ಷಣ್ಮುಖಪ್ಪನ ಎತ್ತಿನ ಗಾಡಿ ಕರೆಸು."

ಷಣ್ಮುಖಪ್ಪ ಎಂಬ ಹೆಸರು ಕೇಳಿದೊಡನೆ ತಮ್ಮಯ್ಯನ ಶಾಸ್ತ್ರ ತಿರುಗಿ ನಿಂತಿತು.

"ಕಿತ್ತು ಬಿಸಾಕಿದ್ರಾಯ್ತು ಅತ್ತೆ! ಅದೇನು ಅಂಥ ಮುಖ್ಯ ಅಲ್ಲ. ಸುಮ್ಕೆ ಶೋಕಿಗೆ ಇಟ್ಟಿರ್ತಾರೆ."

ಲಾರಿಯ ಗುಟ್ಟು ಒಂದು ಗಳಿಗೆಯಲ್ಲಿ ಲಾರಿಯ ಶೋಕಿಯಾಯಿತು. ಸಣ್ಣಬೀರಪ್ಪ ಕೊಳವೆ ಕಿತ್ತ. ಪಕ್ಕದ ಮನೆ ಪಾಪಮ್ಮ ಬೇಲಿಯಾಚೆಯಿಂದಲೇ ಕೈ ಚಾಚಿ, ಒಲೆ ಊದುವುದಕ್ಕೆ ಚೆನ್ನಾಗಿದೆ ಎಂದು ಅದನ್ನು ತೆಗೆದುಕೊಂಡು ಹೋದಳು. ಎಂಜಲಲ್ಲವೇನೇ ಎಂದು ಕಾಂತಮ್ಮ ಕೇಳಿದ್ದಕ್ಕೆ, "ಲಾರಿ ಎಂಜಲು ಲಾರಿಗಾಯ್ತು, ನನ್ನ ಒಲೆಗೇನೇ?" ಎಂದಳು. ಧರ್ಮಸೂಕ್ಷ್ಮ ಹೀಗೆ ಬೇಲಿಯಿಂದ ಬೇಲಿಗೆ ಬದಲಾಗುತ್ತದೆ.

ಆಮೇಲೆ ಲಾರಿಗೆ ಶುದ್ಧಿ ನಡೆಯಿತು. ಕಾರ್ಬ್ಯುರೇಟರಿನ ಬಾಯಿಗೆ ಗಂಜಲ ಪ್ರೋಕ್ಷಿಸಿ, ಚಕ್ರಗಳಿಗೆ ಅರಿಶಿನದ ನೀರು ಚಿಮುಕಿಸಿ, ಎರಡು ದೀಪಗಳ ನಡುವೆ ಒಗೆದ ಮಡಿಪಂಚೆ ಕಟ್ಟಿದರು. ಮುಂದಿನ ಸೀಟಿಗೆ ಕಂಬಳಿ ಹಾಸಿದರು. ತಮ್ಮಯ್ಯ ಪಂಚೆಯ ಅಂಚು ಸರಿಮಾಡಿ, "ಈಗ ನೋಡಿ ಅತ್ತೆ, ಮೈಸೂರು ಸೀಮೇಲೇ ಮಡಿಯಾದ ಲಾರಿ ಇದೊಂದೇ" ಎಂದ. ಅವನು ಅವತ್ತು ಹೇಳಿದ ಮಾತುಗಳಲ್ಲಿ ನಿಜವಾದದ್ದು ಇದೊಂದೇ ಇರಬೇಕು.

ಮಾರ್ಗಶಿರದ ಚಳಿ. ಮೂರು ದಿನದಿಂದ ಸೂರ್ಯನ ಮುಖವಿಲ್ಲ, ಜಿನುಗು ಮಳೆ, ಕೈಯಳತೆಗೆ ಇಬ್ಬನಿ. ನಸುಕಿನಲ್ಲಿ ಹೊರಟ ಲಾರಿ ಊರಾಚೆ ಒಂದೆರಡು ಮೈಲಿ ಓಡಿತು. ಆಮೇಲೆ ಕೆಮ್ಮಿತು, ತಿಣುಕಿತು, ನಿಂತೇಹೋಯಿತು. ಸಣ್ಣಬೀರಪ್ಪ ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಿದ. ಲಾರಿ ಹೂಂ ಎನ್ನಲಿಲ್ಲ.

"ಉಷ್ಣ ಆಗೈತೆ" ಎಂದ ತಮ್ಮಯ್ಯ, ಹಲ್ಲು ಕಟಕಟಿಸುತ್ತ.

"ಉಷ್ಣ ಅಲ್ಲ, ಅಜೀರ್ಣ" ಎಂದರು ಕಾಶಮ್ಮನವರು. "ಇಷ್ಟು ದಿನ ಎಂಜಲು ತಿಂದ ಹೊಟ್ಟೆ. ಶುದ್ಧವಾದ್ದು ಕೊಟ್ರೆ ಒಗ್ಗಬ್ಯಾಡ್ವಾ?"

ಅವರು ಕೆಳಗಿಳಿದು ಸಾವಕಾಶವಾಗಿ ಊದುಬತ್ತಿ ಹಚ್ಚಿ, ತೆಂಗಿನಕಾಯಿ ಒಡೆದು, ಲಾರಿಯ ದೃಷ್ಟಿ ಇಳಿತೆಗೆದರು. ಅಷ್ಟು ಹೊತ್ತಿಗೆ ಎಂಜಿನ್ನಿನ ಬಿಸಿ ಮೇಲೇರಿ ಒಳಗಿನ ಮಂಜು ಕರಗಿತ್ತು. ಹ್ಯಾಂಡಲ್ ತಿರುಗಿಸಿದೊಡನೆ ಲಾರಿ ಗುಡುಗಿತು. ಕೀರ್ತಿ ಕಾಯಿಗೆ ಹೋಯಿತು.

ಇನ್ನೊಂದಿಷ್ಟು ದೂರ ಹೋಗಿ ಮತ್ತೆ ನಿಂತಿತು. ಈ ಸಲ ಕಾಯಿ ಒಡೆದೊಡನೆಯೇ ಹ್ಯಾಂಡಲ್ ಹಾಕಿದರು, ಏಳಲಿಲ್ಲ. ಸಣ್ಣಬೀರಪ್ಪನಿಗೆ ತಾಳ್ಮೆ ತಪ್ಪಿ, "ಮಲಗೋ ಎತ್ತಿಗೆ ಮಾತು ಹೇಳಿದ್ರೆ ಆಗಲ್ಲ ಬುದ್ಧಿ" ಎಂದು ಬೀಡಿ ಹಚ್ಚಿ, ಪೂರ್ತಿ ಸೇದಿ ಮುಗಿಸಿ, ಲಾರಿಯ ತಾಯಿತಂದೆಯನ್ನೆಲ್ಲ ಬೈದು, ಒಂದು ದೀಪವನ್ನು ಕಿವಿಯ ಹಾಗೆ ಹಿಂಡಿದ. ಆಮೇಲೆ ಲಾರಿ ಎದ್ದಿತು. ಕೀರ್ತಿ ಕಿವಿಗೆ ಹೋಯಿತು.

ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಕಾಶಮ್ಮನವರ ಅಣ್ಣ ಓಂಕಾರಮೂರ್ತಿಗಳು ಕೋಟು, ರುಮಾಲು, ಕೊಡೆಸಮೇತ ಕಾಯುತ್ತಿದ್ದರು. ಅವರು ಅಮಲ್ದಾರ್ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ಪೆನ್ಷನ್ ಪಡೆದವರು. ಯಾವ ಕೆಲಸ ನಿಂತರೂ ಕೆಳಗಿನವರ ಅಲಕ್ಷ್ಯವೇ ಕಾರಣ ಎಂಬುದು ಅವರ ಜೀವಮಾನದ ಅನುಭವ. ಅವರ ಪಕ್ಕದಲ್ಲೇ ಇನ್ನೊಬ್ಬ ಅಳಿಯ ಷಣ್ಮುಖಪ್ಪ ನಿಂತಿದ್ದ. ಕಾಶಮ್ಮನವರು ವಾರದ ಹಿಂದೆಯೇ ಅಣ್ಣನಿಗೆ ಬರೆಸಿದ್ದ ಕಾಗದದಿಂದ ತೋಟದ ವಿಷಯ ಗಾಳಿಗೆ ಸಿಕ್ಕಿ ಕಡೂರಿಗೂ ಮುಟ್ಟಿತ್ತು. ದೊಡ್ಡವರನ್ನು ಗಾಡಿಯಲ್ಲಿ ಕರೆದೊಯ್ಯುವ ನೆವದಲ್ಲಿ ಅವನು ಹಿಂದಿನ ದಿನವೇ ಬಂದುಬಿಟ್ಟಿದ್ದ. ಎಮ್ಮೆದೊಡ್ಡಿ ಕಾವಲಿನ ತಳಿಯ ಎತ್ತುಗಳು, ಕಮಾನು ಕಟ್ಟಿದ ಗಾಡಿ, ಒಳಗೆ ಮೆತ್ತಗೆ ಹುಲ್ಲು.

"ಗಾಡಿ ಕಾಲ ಮುಗೀತಯ್ಯ ಷಣ್ಮುಖಪ್ಪ" ಎಂದು ಶಿರಸ್ತೇದಾರರು ಲಾರಿ ಹತ್ತಿದರು.

"ಆಗ್ಲಿ ಮಾವ. ನಾನು ನಿಧಾನಕ್ಕೆ ಬತ್ತೀನಿ" ಎಂದು ಷಣ್ಮುಖಪ್ಪ ಎತ್ತುಗಳ ಹಗ್ಗ ಸಡಿಲಿಸಿದ.

ಲಾರಿ ಅವನ ಗಾಡಿಯನ್ನು ಹಿಂದೆ ಹಾಕಿದಾಗ ತಮ್ಮಯ್ಯ ಹಾರ್ನ್ ಹಿಂಡಿ ಹಿಂಡಿ ಕೈನೋಯಿಸಿಕೊಂಡ. ಒಂದು ತಿರುವು ದಾಟಿ ಲಾರಿ ನಿಂತಿತು. ಗಾಡಿ ಗೆಜ್ಜೆ ಅಲುಗಿಸುತ್ತ ಬಂತು.

"ಏನ್ ಷಡ್ಕರೇ, ನಿಂತಿದೀರಿ?"

"ಎಂಜಿನ್ನಿಗೆ ರೆಸ್ಟು ಕೊಡ್ಬೇಕು ಕಣಯ್ಯ. ಇದೆಲ್ಲ ಎತ್ತಿನೋರಿಗೆ ತಿಳಿಯಲ್ಲ."

ಗಾಡಿ ಮುಂದೆ ಹೋಯಿತು. ಲಾರಿ ಎದ್ದು, ಅದನ್ನು ದಾಟಿ, ಮತ್ತೆ ನಿಂತಿತು. ಗಾಡಿ ಬಂತು.

"ಮತ್ತೆ ರೆಸ್ಟಾ?"

ಈಗ ಶಿರಸ್ತೇದಾರರು ವಿಚಾರಣೆಗೆ ಕೈ ಹಾಕಿದರು. ಬಾನೆಟ್ ಎತ್ತಿಸಿ, ಎಂಜಿನ್ ಮುಟ್ಟಿ, ಸುಡುತ್ತದೆ ಎಂದು ಕಂಡುಕೊಂಡು, ತಮ್ಮಯ್ಯ ದಾರಿಯುದ್ದಕ್ಕೂ ಹೇಳುತ್ತಿರುವುದೇ ಸರಿ, ಇದು ಉಷ್ಣವೇ, ತಣ್ಣೀರಿನಲ್ಲಿ ನೆನೆಸಿದ ಗೋಣಿತಾಟು ಸುತ್ತಿ ಎಂದು ಹುಕುಂ ಮಾಡಿದರು. ಸುತ್ತಿದ್ದು ಬೇರೆಲ್ಲೂ ಅಲ್ಲ, ಕಾರ್ಬ್ಯುರೇಟರಿಗೇ. ಗಂಟಲು ಕಟ್ಟಿದವನಿಗೆ ಐಸು ತಿನ್ನಿಸಿದಂತಾಯಿತು. ಅಲ್ಲಿಂದ ಮುಂದೆ ಲಾರಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಕಾವಲಿನಿಂದ ದನ ಹೊಡೆದುಕೊಂಡು ಬರುತ್ತಿದ್ದವರು ರಸ್ತೆ ಬದಿಯಲ್ಲಿ ಕೂತು, ಮಡಿಪಂಚೆ ಉಟ್ಟ ಲಾರಿ ತಣ್ಣೀರುಬಟ್ಟೆ ಹಾಕಿಸಿಕೊಳ್ಳುವುದನ್ನು ನೋಡುತ್ತ, ಇದು ಉಳಿಯುತ್ತದೋ ಇಲ್ಲವೋ ಎಂದು ಮಾತಾಡಿಕೊಂಡರು.

ಷಣ್ಮುಖಪ್ಪ ಮೂರನೆಯ ಸಲ ಬಂದಾಗ ಲಾರಿಯ ಸುದ್ದಿಯನ್ನೇ ಎತ್ತಲಿಲ್ಲ. "ಅತ್ತೆ, ಗಾಡೀಲಿ ಒಣಾ ಹುಲ್ಲಿದೆ" ಎಂದ, ಅಷ್ಟೆ.

ಕಾಶಮ್ಮನವರು ಗಾಡಿಯನ್ನು ನೋಡಿದರು, ಲಾರಿಯನ್ನು ನೋಡಿದರು. ಆಮೇಲೆ, "ಕಂಬಳಿ ಇದ್ರಾಗೆ ಹಾಸಾಗೈತೆ. ಕಚೇರಿ ಬಾಗ್ಲು ಹಾಕೋವರ್ಗೂ ನೋಡ್ತೀನಿ. ಅಷ್ಟರೊಳಗೆ ಮುಟ್ಟಿಸಿದ್ರೆ ತೋಟ ನಿಂದು ತಮ್ಮಯ್ಯ, ಮುಟ್ಟಿಸ್ದಿದ್ರೆ ನಿನ್ನ ಹಣೇಬರ" ಎಂದರು.

ಬೀರೂರು ಇನ್ನೂ ಕಾಣುತ್ತಿರಲಿಲ್ಲ. ಲಾರಿ ಮತ್ತೆ ನಿಂತಿತು. ಚಳಿಗೆ ಕಾಶಮ್ಮನವರ ಕೈ ಮರಗಟ್ಟಿತ್ತು. ಪರಸ್ಥಳದ ಬೆಂಕಿಯಲ್ಲಿ ಬೆಂದದ್ದನ್ನು ತಿನ್ನದ ಅವರು ಎಲ್ಲಿಗೆ ಹೋದರೂ ತಮ್ಮದೇ ಅಗ್ಗಿಷ್ಟಿಕೆ, ತಮ್ಮದೇ ಇದ್ದಿಲು ಒಯ್ಯುತ್ತಿದ್ದರು. ಅದನ್ನು ಈಗ ಹೊರಗೆ ತೆಗೆದು ಕೆಂಡ ಮಾಡಿದರು. ಗಾಳಿ ಬೀಸದ ಜಾಗ ಹುಡುಕಿ, ತೆರೆದ ಬಾನೆಟ್ಟಿನ ಕೆಳಗೆ, ಕಾರ್ಬ್ಯುರೇಟರಿನ ಪಕ್ಕದಲ್ಲೇ ಇಟ್ಟು ಕೈ ಕಾಯಿಸುತ್ತ ನಿಂತರು. ಪೆಟ್ರೋಲಿನ ಮಗ್ಗುಲಲ್ಲಿ ಕೆಂಡ ಇಡಬಾರದು ಎಂದು ಲೋಕಕ್ಕೆಲ್ಲ ಗೊತ್ತು. ಆದರೆ ಆ ಲೋಕದವರು ಯಾರೂ ಆ ಲಾರಿಯಲ್ಲಿ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಸಣ್ಣಬೀರಪ್ಪ ಆಸೆಯಿಲ್ಲದೆ ಒಂದು ಸಲ ಹ್ಯಾಂಡಲ್ ತಿರುವಿದ. ಲಾರಿ ಒಂದೇ ಏಟಿಗೆ ಎದ್ದಿತು. ಅಗ್ಗಿಷ್ಟಿಕೆ ತೆಗೆದರು, ಲಾರಿ ಕೆಮ್ಮಿತು. ಇಟ್ಟರು, ಸರಿಯಾಯಿತು.

"ಶೀತ!" ಎಂದು ಕೂಗಿದ ತಮ್ಮಯ್ಯ. "ನಾನು ಬೆಳಿಗ್ಗೆನೇ ಹೇಳಿದ್ನಲ್ಲ, ಶೀತ ಆಗೈತೆ ಅಂತ!"

"ನೀನು ಉಷ್ಣ ಅಂದೆ" ಎಂದರು ಶಿರಸ್ತೇದಾರರು.

"ಉಷ್ಣಕ್ಕೆ ಹುಟ್ಟಿದ ಶೀತ ಮಾವ. ಅದು ಬೇರೆ ಜಾತಿ."

"ನನ್ನ ಮಡಿ ಕೆಂಡ ಕಣೋ" ಎಂದರು ಕಾಶಮ್ಮನವರು. ವಾದ ಮುಗಿಯಿತು. ಕೆಂಡ ಹಿಡಿಯುವವರು ಯಾರು ಎಂಬುದೊಂದೇ ಉಳಿಯಿತು. ಡ್ರೈವರ್ ಓಡಿಸಬೇಕು, ಶಿರಸ್ತೇದಾರರು ಪೆನ್ಷನ್ ಪಡೆದವರು.

ಹೀಗಾಗಿ ಅಂದು ಇಳಿಹೊತ್ತಿನಲ್ಲಿ ಬೀರೂರಿನವರೂ ಕಡೂರಿನವರೂ ಒಂದು ದೃಶ್ಯ ಕಂಡರು. ಲಾರಿ ಎತ್ತಿನ ನಡಿಗೆಯಲ್ಲೇ ಬರುತ್ತಿದೆ. ಒಳಗೆ ಕಂಬಳಿಯ ಮೇಲೆ ಮುದುಕಿಯೊಬ್ಬರು ಉತ್ಸವಮೂರ್ತಿಯಂತೆ ಕೂತಿದ್ದಾರೆ. ಲಾರಿಯ ಯಜಮಾನ ಮಡ್‌ಗಾರ್ಡಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಬಾನೆಟ್ ಹಿಡಿದು, ಇನ್ನೊಂದರಲ್ಲಿ ಬೀಸಣಿಗೆಯಿಂದ ಲಾರಿಯ ಮೂಗಿಗೆ ಕೆಂಡದ ಕಾವು ಬೀಸುತ್ತಿದ್ದಾನೆ. ಹಳ್ಳ ಬಂದಾಗಲೆಲ್ಲ ಕಿಡಿ ಹಾರಿ ಅವನ ಪಂಚೆಗೆ ಬೀಳುತ್ತದೆ, ಅವನು ಕೂಗುತ್ತಾನೆ, ಲಾರಿ ಹಾರ್ನ್ ಹಾಕಬೇಕಾಗಿಯೇ ಇಲ್ಲ. ಲಾರಿಗೆ ಬಾಣಂತನ ಮಾಡುವುದನ್ನು ಇವತ್ತು ಕಂಡೆವು ಎಂದು ಕಡೂರಿನ ಹೆಂಗಸರು ಬಾಗಿಲಿಗೆ ಬಂದರು. ಷಣ್ಮುಖಪ್ಪನ ಗಾಡಿ ಕೂಗಳತೆ ಹಿಂದೆ ಬರುತ್ತಲೇ ಇತ್ತು.

ಕಚೇರಿಯ ಬಾಗಿಲು ಇನ್ನೂ ತೆರೆದಿತ್ತು! ತಮ್ಮಯ್ಯ ತೂತುಬಿದ್ದ ಪಂಚೆಯಲ್ಲೇ ಜಿಗಿದು, "ಮುಟ್ಟಿಸ್ದೆ ಅತ್ತೆ, ಮುಟ್ಟಿಸ್ದೆ!" ಎಂದು ಕುಣಿದ. ಕೆಂಡ ಕಂಡು ಸಬ್ ರಿಜಿಸ್ಟ್ರಾರ್ ರಂಗಯ್ಯನವರು ಕುರ್ಚಿ ಬಿಟ್ಟು ಓಡಿಬಂದರು.

"ಯಾರ್ರೀ ಅದು? ಪೆಟ್ರೋಲ್ ಪಕ್ಕ ಕೆಂಡ! ತಾಲ್ಲೂಕಿನ ಖಾತೆಯೆಲ್ಲ ಸುಟ್ಟು ಹಾಕೋಕೆ ಬಂದ್ರೇನ್ರೀ?"

ಜವಾನ ಕೆಂಡ ಒಯ್ದು ಆಚೆ ಸುರಿದ. ರಂಗಯ್ಯನವರಿಗೆ ಇದೇ ಮಾದರಿಯ ಎಂಜಿನ್ನಿನ ಒಂದು ಕಾರಿತ್ತು. ಆಸೆಯಿಂದ ಬಾನೆಟ್ಟಿನೊಳಗೆ ಬಗ್ಗಿದವರು ಹುಬ್ಬೇರಿಸಿದರು.

"ಇದರ ಬಿಸಿಗಾಳಿ ಕೊಳವೆ ಎಲ್ರೀ?"

"ನಾನೇ ಕೀಳಿಸ್ದೆ" ಎಂದರು ಕಾಶಮ್ಮನವರು ಹೆಮ್ಮೆಯಿಂದ. "ಬಿಟ್ಟ ಉಸ್ರನ್ನೇ ಕುಡೀತಿತ್ತು. ಎಂಜಲು."

"ಉಸ್ರೆಲ್ಲಿ ಬಂತಮ್ಮ? ಒಲೆ ಹೊಗೆ ಬೇರೆ, ಒಲೆ ಮಗ್ಗುಲಲ್ಲಿ ಬೆಚ್ಚಗಾದ ಗಾಳಿ ಬೇರೆ. ಹೊಗೆ ಅದರ ದಾರೀಲಿ ಹಿಂದಕ್ಕೆ ಹೋಗುತ್ತೆ. ಈ ಕೊಳವೆ ತರೋದು ಹೊಸಾ ಗಾಳೀನ, ಬೆಚ್ಚಗೆ ಮಾಡ್ಕೊಂಡು. ಅದಿಲ್ದಿದ್ರೆ ಇಂಥಾ ಚಳೀಲಿ ಮಂಜು ಕಟ್ಟಿ ನಿಂತ್ಹೋಗುತ್ತೆ. ಎಂಜಲು ಅಂತ ಹೇಳಿದ ಪುಣ್ಯಾತ್ಮ ಯಾರು?"

ಎಲ್ಲರೂ ತಮ್ಮಯ್ಯನನ್ನು ನೋಡಿದರು. ತಮ್ಮಯ್ಯ ಚಕ್ರವನ್ನು ನೋಡಿದ.

ಒಳಗೆ ಬರಹಗಾರ ಪತ್ರ ಬರೆದು ಮುಗಿಸಿ, ಹೆಸರಿನ ಜಾಗವೊಂದನ್ನು ಖಾಲಿ ಬಿಟ್ಟು ತಲೆಯೆತ್ತಿದ. ಕಾಶಮ್ಮನವರು ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡರು. ಬೆರಳನ್ನು ಹಾಗೆಯೇ ಮೇಲೆ ಹಿಡಿದು ಅಳಿಯನ ಕಡೆ ತಿರುಗಿದರು.

"ತಮ್ಮಯ್ಯ, ಹೊತ್ತಿಗೆ ಮುಂಚೆ ಮುಟ್ಟಿಸಿದೀಯ, ನನ್ನ ಮಾತಿಗೆ ನಾನು ತಪ್ಪಲ್ಲ. ಒಂದೇ ಒಂದು ಹೇಳು. ಆ ಕೊಳವೆ ವಿಷ್ಯ ನಿಂಗೆ ಗೊತ್ತಿಲ್ದೆ ಅಂದ್ಯೋ, ಗೊತ್ತಿದ್ದೂ ಸುಳ್ಳು ಹೇಳ್ದ್ಯೋ? ಗೊತ್ತಿಲ್ದೆ ಅಂದಿದ್ರೆ ಬಿಡು, ನಂಗೂ ಗೊತ್ತಿರ್ಲಿಲ್ಲ. ಸುಳ್ಳನ್ನ ಮಾತ್ರ ನಾನು ತೋಟದೊಳಕ್ಕೆ ಬಿಡಲ್ಲ."

ಇಷ್ಟು ಸುಲಭದ ಪರೀಕ್ಷೆ ತಮ್ಮಯ್ಯನಿಗೆ ಹುಟ್ಟಿದ ಮೇಲೆ ಬಂದಿರಲಿಲ್ಲ. ಉತ್ತರವನ್ನೂ ಅತ್ತೆಯೇ ಹೇಳಿಕೊಟ್ಟಿದ್ದರು. ಅದು ನಿಜವೂ ಆಗಿತ್ತು. ಅವನು ಬಾಯಿ ತೆರೆದ. "ಗೊ..." ಎಂದ. ಶಿರಸ್ತೇದಾರರು ತಲೆದೂಗಿ ಪ್ರೋತ್ಸಾಹಿಸಿದರು. ಬರಹಗಾರ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಇನ್ನೇನು ಬಂತು ಎನ್ನುವಾಗ ಬಾಗಿಲಲ್ಲಿ ನಿಂತಿದ್ದ ಜವಾನ ಪಕ್ಕದವನಿಗೆ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಪಾಪ, ಲಾರಿ ಇಟ್ಕಂಡೋರಿಗೇ ಏನೂ ಗೊತ್ತಿಲ್ವಂತೆ ಕಣ್ಲಾ."

ತಮ್ಮಯ್ಯನ ಕಿವಿ ಕೆಂಪಾಯಿತು.

"ಯಾವನಯ್ಯ ಅವ್ನು ಗೊತ್ತಿಲ್ಲ ಅಂದೋನು? ನನ್ನ ಲಾರಿ ಕೊಳವೆ ನಂಗೆ ಗೊತ್ತಿಲ್ವಾ? ಆ ದೊರೆಗಿಂತ ಚೆನ್ನಾಗಿ ಗೊತ್ತು! ಬಿಸಿಗಾಳಿ, ಮಂಜು, ಎಲ್ಲಾ ಗೊತ್ತಿತ್ತು. ಎಲ್ಲಾ ಗೊತ್ತಿದ್ದೇ ಸುಳ್ಳು ಹೇಳ್ದೆ, ಏನೀಗ?"

ಕಾಶಮ್ಮನವರು ನಿಟ್ಟುಸಿರು ಬಿಟ್ಟು, ಅಷ್ಟರಲ್ಲಿ ಗಾಡಿ ನಿಲ್ಲಿಸಿ ಒಳಗೆ ಬಂದಿದ್ದ ಷಣ್ಮುಖಪ್ಪನ ಕಡೆ ತಿರುಗಿದರು.

"ನಿಂಗೇನಾದ್ರೂ ಗೊತ್ತೇನೋ ಆ ಕೊಳವೆ ವಿಷ್ಯ?"

"ನಂಗಾ?" ಎಂದ ಷಣ್ಮುಖಪ್ಪ, ಬಾಯಗಲಿಸಿ. "ಲಾರಿಗೆ ಮೂಗೈತೆ ಅಂತ್ಲೇ ಗೊತ್ತಿರ್ಲಿಲ್ಲ ಅತ್ತೆ."

ಹೆಸರು ತುಂಬಿತು. ಹೆಬ್ಬೆಟ್ಟು ಬಿತ್ತು.

ಇದಾಗಿ ವರ್ಷವಾಯಿತು. ಅಜ್ಜಂಪುರದಲ್ಲಿ ಯಾರು ಕೇಳಿದರೂ ತಮ್ಮಯ್ಯ ತಾನು ಸೋತೆನೆಂದು ಒಪ್ಪುವುದಿಲ್ಲ. ಆ ಕೊಳವೆಯ ನಿಜ ಅಂದು ಮೂರು ಊರಲ್ಲಿ ಗೊತ್ತಿದ್ದವನು ತಾನೊಬ್ಬನೇ ಎಂದೂ, ಇದನ್ನು ಸರ್ಕಾರಿ ಕಚೇರಿಯಲ್ಲಿ ಅಧಿಕಾರಿಗಳ ಎದುರಿಗೇ ಸಾಬೀತು ಮಾಡಿ ಬಂದಿದ್ದೇನೆಂದೂ ಹೇಳುತ್ತಾನೆ. ಕೇಳಿದವರು ಹೌದು ಹೌದು ಎನ್ನುತ್ತಾರೆ. ಕಾಂತಮ್ಮ ಮಾತ್ರ, ಚಟ್ನಿಗೆ ಕಾಯಿ ಬೇಕಾದಾಗ ಸಂತೆಗೆ ಹೋಗಿ, ಕಡೂರಿನಿಂದ ಬಂದ ರಾಶಿಯಲ್ಲಿ ತನ್ನ ತವರಿನ ತೋಟದ ಕಾಯನ್ನು ಗುರುತು ಹಿಡಿದು, ಚೌಕಾಸಿ ಮಾಡಿ ಕೊಂಡು ತರುತ್ತಾಳೆ.